ಟಿಕೆಟ್ ಕೊಡುವ ಮೊದಲು ಮನೆಯೊಳಗೆ ನೋಡಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಎಲ್ಲ ಪಕ್ಷಗಳ ಜಿಲ್ಲಾಧ್ಯಕ್ಷರಿಗೆ, ಬ್ಲಾಕ್ ಅಧ್ಯಕ್ಷರಿಗೆ, ಮಂಡಲ ಅಧ್ಯಕ್ಷರಿಗೆ, ಬೂತ್ ಮಟ್ಟದಲ್ಲಿ ಓಡಾಡುವ ಎಲ್ಲರಿಗೂ,

ನಮಸ್ಕಾರ.

ನಾನು ಮುಲ್ಕಿ ಕಡೆಯವಳು. ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಯಾವ ಪಕ್ಷದ ಸದಸ್ಯೆಯೂ ಅಲ್ಲ. ಈ ಪತ್ರವನ್ನು ಎಲ್ಲ ಪಕ್ಷದವರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಹೇಳಲಿಕ್ಕಿರುವ ವಿಷಯದಲ್ಲಿ ನೀವೆಲ್ಲ ನಡೆದುಕೊಳ್ಳುವುದು ಒಂದೇ ರೀತಿ.

ನೇರವಾಗಿ ವಿಷಯಕ್ಕೆ ಬರುತ್ತೇನೆ. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಎರಡು ಜಿಲ್ಲೆಗಳ 13 ಕ್ಷೇತ್ರಗಳಿಂದ ಗೆದ್ದ ಹೆಂಗಸು ಒಬ್ಬರೇ, ಸುಳ್ಯದ ಭಾಗೀರಥಿ ಮುರುಳ್ಯ. ಉಳಿದ 12 ಕಡೆ ಗಂಡಸರು. 2011ರ ಜನಗಣತಿ ಪ್ರಕಾರ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರಿದ್ದಾರೆ, ದಕ್ಷಿಣ ಕನ್ನಡದಲ್ಲಿ 1020. ಹೆಂಗಸರೇ ಜಾಸ್ತಿ ಇರುವ ಊರು ನಮ್ಮದು. ಓದಿದವರಿದ್ದಾರೆ, ದುಡಿಯುವವರಿದ್ದಾರೆ, ಬ್ಯಾಂಕು, ಆಸ್ಪತ್ರೆ, ಶಾಲೆ ಎಲ್ಲ ಕಡೆ ಇದ್ದಾರೆ. ಚುನಾವಣೆಗೆ ನಿಲ್ಲುವವರ ಪಟ್ಟಿಯಲ್ಲಿ ಮಾತ್ರ ಇಲ್ಲ. ನಿಮ್ಮನ್ನು ಕೇಳಿದರೆ ಸಿಗುವ ಉತ್ತರವೂ ಗೊತ್ತಿದೆ. "ಹೆಂಗಸರೇ ಮುಂದೆ ಬರುವುದಿಲ್ಲ ಟೀಚರ್, ನಾವೇನು ಮಾಡುವುದು?"

ಯಾಕೆ ಬರುವುದಿಲ್ಲ ಅಂತ ನೀವು ಹುಡುಕಬೇಕಾದದ್ದು ಮನೆಯಲ್ಲಿ. ಜಾಗ ಯಾರ ಹೆಸರಲ್ಲಿದೆ, ಮನೆಯ ಪರವಾಗಿ ಹೊರಗೆ ಮಾತಾಡುವವರು ಯಾರು, ಸಂಜೆ ಆರರ ಮೇಲೆ ಅಡುಗೆ ಯಾರದು, ಮಲಗಿದ ಅತ್ತೆಗೆ ಮದ್ದು ಕೊಡುವವರು ಯಾರು, ಇದೆಲ್ಲ ಸೇರಿ ಯಾರು ರಾಜಕೀಯಕ್ಕೆ ಬರಬಹುದು, ಯಾರು ಬರಬಾರದು ಎನ್ನುವುದು ನಿಮ್ಮ ಟಿಕೆಟ್ ಸಭೆ ಸೇರುವ ಮೊದಲೇ ತೀರ್ಮಾನ ಆಗಿರುತ್ತದೆ. "ಅದು ಅವರವರ ಮನೆ ವಿಷಯ, ನಾವು ಕೈಹಾಕಲಿಕ್ಕಾಗುವುದಿಲ್ಲ" ಅಂತ ದಯವಿಟ್ಟು ಹೇಳಬೇಡಿ. ನೀವು ವೋಟಿಗೆ ಬರುವುದು ಮನೆಗೇ. ಲೆಕ್ಕ ಹಾಕುವುದೂ ಮನೆಯನ್ನೇ. "ಆ ಮನೆಯಲ್ಲಿ ಆರು ವೋಟು, ಎಲ್ಲ ನಮ್ಮದೇ" ಅಂತ ಬೂತಿನ ಪುಸ್ತಕದಲ್ಲಿ ಗುರುತು ಹಾಕುತ್ತೀರಿ. ಆರು ಜನರ ಮನಸ್ಸು ಗೊತ್ತಾದದ್ದು ಹೇಗೆ? ಒಬ್ಬರ ಹತ್ತಿರ ಮಾತಾಡಿದ್ದೀರಿ, ಅಷ್ಟೇ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಚಾವಡಿಯಲ್ಲಿ ಕಾಲು ಚಾಚಿ ಕೂತು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು. ಹಿಂದಿನ ರಾತ್ರಿ ಎಲೆ ನೆನೆಸಿ, ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ಬೆಳಿಗ್ಗೆ ತಿಂಡಿ ಮುಗಿಸಿ ಕೂತರೆ ಬೆರಳು ಅದರಷ್ಟಕ್ಕೇ ಓಡುತ್ತಿತ್ತು. ಎಲೆ, ಹೊಗೆಸೊಪ್ಪಿನ ಹುಡಿ, ನೂಲು, ತುದಿ ಮಡಚುವುದು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಪುಸ್ತಕ ಅಮ್ಮನ ಹೆಸರಲ್ಲಿ, ಪಿ.ಎಫ್. ಅಮ್ಮನ ಹೆಸರಲ್ಲಿ. ನನ್ನ ಬಿ.ಎಡ್. ಫೀಸು ಆ ದುಡ್ಡಿನಿಂದಲೇ ಹೋಯಿತು. ಚುನಾವಣೆ ಸಮಯದಲ್ಲಿ ಅಭ್ಯರ್ಥಿಗಳು ಬರುತ್ತಿದ್ದರು. ಅಂಗಳದಲ್ಲಿ ನಿಂತು ಅಮ್ಮನನ್ನು ಕೇಳುತ್ತಿದ್ದದ್ದು, "ಯಜಮಾನರು ಇದ್ದಾರಾ?" ಇಲ್ಲ, ಕೆಲಸಕ್ಕೆ ಹೋಗಿದ್ದಾರೆ ಅಂದರೆ, "ಸರಿ, ಬಂದ ಮೇಲೆ ಕೊಡಿ" ಅಂತ ಚೀಟಿ ಕೈಗೆ ಕೊಟ್ಟು ಹೋಗುತ್ತಿದ್ದರು. ಅಮ್ಮನಿಗೆ ಓದಲಿಕ್ಕೆ ಬರುತ್ತಿತ್ತು. ವೋಟೂ ಇತ್ತು. ಬೀಡಿ ಕಾರ್ಮಿಕರ ಯೂನಿಯನ್ನಿನ ಮೆರವಣಿಗೆಗೆ ಮಂಗಳೂರಿನ ತನಕ ಹೋಗಿ ಬಂದವರು, ಮಜೂರಿ ಲೆಕ್ಕ ಪೈಸೆ ಪೈಸೆ ಗೊತ್ತಿದ್ದವರು. ಇಷ್ಟೆಲ್ಲ ಇದ್ದೂ ಯಾವ ಪಕ್ಷದವರೂ ಅವರ ಹತ್ತಿರ ಕೂತು ಊರಿಗೆ ಏನು ಬೇಕು ಅಂತ ಕೇಳಿದ್ದು ನಾನು ನೋಡಲಿಲ್ಲ.

"ಇದು ಅಳಿಯಸಂತಾನದ ನಾಡು, ಇಲ್ಲಿ ಹೆಣ್ಣಿಗೆ ಮೊದಲಿಂದಲೂ ಸ್ಥಾನ ಇದೆ" ಅಂತ ನೀವು ವೇದಿಕೆ ಮೇಲೆ ಹೇಳುತ್ತೀರಿ. ಅಬ್ಬಕ್ಕ ರಾಣಿಯ ಹೆಸರು ಎತ್ತುತ್ತೀರಿ. ಅದು ನಿಜವೇ. ಉಳ್ಳಾಲದ ಅಬ್ಬಕ್ಕನಿಗೆ ಪಟ್ಟ ಬಂದದ್ದು ಚೌಟ ಮನೆತನದ ಅಳಿಯಸಂತಾನ ಪದ್ಧತಿಯಿಂದ, ಅಂದರೆ ತಾಯಿಯ ಸಾಲಿನಲ್ಲಿ ಹಕ್ಕು ಇಳಿಯುವ ಕಟ್ಟಳೆಯಿಂದ, ಸೋದರಮಾವ ತಿರುಮಲರಾಯನಿಂದ. 16ನೇ ಶತಮಾನದಲ್ಲಿ ಪೋರ್ಚುಗೀಸರ ಎದುರು ನಿಂತ ಹೆಂಗಸು ಒಂದು ಮನೆಯ ಕಟ್ಟಳೆಯಿಂದ ಬಂದವಳು. ಮನೆ ಹೇಗಿದೆಯೋ ರಾಜಕೀಯ ಹಾಗೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಊರಿನಲ್ಲಿ ಬೇರೆ ಬೇಡ.

ಆದರೆ ಪೂರ್ತಿ ಹೇಳಬೇಕಲ್ವಾ. ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿತ್ತು, ಮಕ್ಕಳು ತಾಯಿಯ ಬಳಿಗೆ, ಅಂದರೆ ಕುಲಕ್ಕೆ, ಸೇರುತ್ತಿದ್ದರು, ಗಂಡ ಸತ್ತರೂ ಬಿಟ್ಟರೂ ಹೆಂಗಸಿಗೆ ಹೋಗಿ ನಿಲ್ಲಲಿಕ್ಕೆ ಒಂದು ಮನೆ ಇರುತ್ತಿತ್ತು. ಇದು ಸಣ್ಣ ವಿಷಯ ಅಲ್ಲ. ನಮ್ಮ ಕಡೆ ಹೆಂಗಸರಿಗೆ ಇರುವ ಧೈರ್ಯದಲ್ಲಿ ಅದರ ಪಾಲು ಇದೆ ಅಂತ ನಾನು ನಂಬುತ್ತೇನೆ. ಹೆಂಗಸು ಯಜಮಾಂತಿಯಾಗಿ ಕುಟುಂಬ ನಡೆಸಿದ್ದೂ ಇದೆ. ಆದರೂ ಹೆಚ್ಚಿನ ಮನೆಗಳಲ್ಲಿ ವ್ಯವಹಾರ ಸೋದರಮಾವನದ್ದು. ಗೇಣಿ ವಸೂಲಿ, ಕೋರ್ಟು, ಕಚೇರಿ, ದೈವದ ಗಡಿ ಎಂಬ ಪಟ್ಟ, ಎಲ್ಲ ಅವನ ಕೈಯಲ್ಲಿ. 1949ರಲ್ಲಿ ಮದ್ರಾಸ್ ಸರ್ಕಾರದ ಅಳಿಯಸಂತಾನ ಕಾಯ್ದೆ ಬಂದು ಕುಟುಂಬದ ಆಸ್ತಿ ಪಾಲಾಗಲು ದಾರಿಯಾಯಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ದೊಡ್ಡ ಮನೆಗಳು ಒಡೆದು ಸಣ್ಣ ಸಣ್ಣ ಮನೆಗಳಾದವು. ಆ ಸಣ್ಣ ಮನೆಗಳಲ್ಲಿ ಹೊರಗಿನ ಮಾತು ಮಾವನ ಬಾಯಿಂದ ಗಂಡನ ಬಾಯಿಗೆ ಬಂತು. ಹೆಂಗಸಿನ ಬಾಯಿಗೆ ಬರಲಿಲ್ಲ.

ನಮ್ಮದು ಗೇಣಿಯ ಮನೆ. 1974ರ ಭೂಸುಧಾರಣೆ ಆದಾಗ ಉಳುವವರು ನಾವೇ ಅಂತ ಡಿಕ್ಲರೇಶನ್ ಕೊಟ್ಟು ಜಾಗ ಸಿಕ್ಕಿತು. ದೇವರಾಜ ಅರಸರ ಕಾಲದ ಆ ಕಾಯ್ದೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳಿಗೆ ಅನ್ನ ಕೊಟ್ಟಿತು ಅಂತ ನಿಮಗೆ ಹೇಳಬೇಕಾಗಿಲ್ಲ, ನಿಮ್ಮಲ್ಲಿ ತುಂಬ ಜನ ಅಂಥ ಮನೆಗಳಿಂದಲೇ ಬಂದವರು. ಆ ಗದ್ದೆಯಲ್ಲಿ ನೇಜಿ ನೆಟ್ಟದ್ದು, ಕಳೆ ತೆಗೆದದ್ದು, ತೆನೆ ಕೊಯ್ದದ್ದು ಅಜ್ಜಿ ಮತ್ತು ಅವರ ತಂಗಿಯಂದಿರು. ಡಿಕ್ಲರೇಶನ್ ಹೋದದ್ದು ಅಜ್ಜಿಯ ಅಣ್ಣನ ಹೆಸರಲ್ಲಿ. ಮನಸ್ಸಿನಲ್ಲಿ ಕೆಟ್ಟದಿಟ್ಟುಕೊಂಡು ಯಾರೂ ಮಾಡಿದ್ದಲ್ಲ. ಕಚೇರಿಗೆ ಹೋಗುವುದು ಗಂಡಸರ ಕೆಲಸ, ಅಷ್ಟೇ ಅಂದುಕೊಂಡಿದ್ದರು. ಅಲ್ಲಿಂದ ಪಹಣಿಯಲ್ಲಿ ಇಳಿದುಕೊಂಡು ಬಂದದ್ದು ಗಂಡಸರ ಹೆಸರೇ.

ಪಹಣಿಗೂ ರಾಜಕೀಯಕ್ಕೂ ಏನು ಸಂಬಂಧ ಅಂತ ಕೇಳಬಹುದು. ಇದೆ, ತುಂಬ ಇದೆ. ಪಹಣಿ ಇದ್ದವನಿಗೆ ಸಹಕಾರಿ ಸೊಸೈಟಿಯಲ್ಲಿ ಬೆಳೆಸಾಲ. ಬೆಳೆಸಾಲ ಇದ್ದವನು ಮಹಾಸಭೆಯಲ್ಲಿ ಎದ್ದು ಮಾತಾಡುತ್ತಾನೆ. ಮಾತಾಡುವವನು ನಾಲ್ಕು ವರ್ಷದಲ್ಲಿ ನಿರ್ದೇಶಕ ಆಗುತ್ತಾನೆ. ಆಡಳಿತ ಮಂಡಳಿಯಲ್ಲಿ ಹೆಂಗಸರಿಗೆ ಎರಡು ಸ್ಥಾನ ಮೀಸಲಿದೆ, ಅದನ್ನು ತುಂಬಿಸಿ ಅಷ್ಟಕ್ಕೇ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ ತಾಲೂಕು, ಜಿಲ್ಲೆ, ಟಿಕೆಟ್. ಇನ್ನೊಂದು ದಾರಿಯೂ ಇದೆ. ಯುವಕ ಮಂಡಲ, ಕ್ರಿಕೆಟ್ ಟೂರ್ನಮೆಂಟು, ಭಜನಾ ಮಂದಿರ, ಕಂಬಳ ಸಮಿತಿ, ಜಮಾಅತ್ ಕಮಿಟಿ. ನೀವೆಲ್ಲ ಬಂದ ದಾರಿಯೇ ಅದು, ತಪ್ಪು ಅಂತ ಹೇಳುತ್ತಿಲ್ಲ. ಆದರೆ ದೇವಸ್ಥಾನದ ಒಂದು ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ಮೂರು ಮಡಿಕೆಯ ದೊಡ್ಡ ಕಾಗದ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಕೋಶಾಧಿಕಾರಿ, ಆರ್ಥಿಕ ಸಮಿತಿ, ಚಪ್ಪರ ಸಮಿತಿ, ಹೊರೆಕಾಣಿಕೆ ಸಮಿತಿ, ಸಾಲು ಸಾಲು ಹೆಸರು. ಹಿಂದಿನ ಮಡಿಕೆಯಲ್ಲಿ ಕೆಳಗೆ ಮಹಿಳಾ ಸಮಿತಿ. ಅವರಿಗೆ ಕೊಟ್ಟ ಕೆಲಸ ತರಕಾರಿ ಹೆಚ್ಚುವುದು, ಬಡಿಸುವುದು, ಪೂರ್ಣಕುಂಭ ಹಿಡಿದು ನಿಲ್ಲುವುದು. ಲೆಕ್ಕ ಬರೆಯುವುದು, ಪೊಲೀಸ್ ಪರ್ಮಿಶನ್ ತರುವುದು, ಜಿಲ್ಲಾಧಿಕಾರಿ ಹತ್ತಿರ ಮಾತಾಡುವುದು, ಸಾವಿರಾರು ಜನರ ಊಟ ಸುಧಾರಿಸುವುದು, ಇದನ್ನೆಲ್ಲ ಮಾಡುತ್ತಾ ಮಾಡುತ್ತಾ ಒಬ್ಬ ಗಂಡಸು ನಾಯಕನಾಗುತ್ತಾನೆ. ಹೆಂಗಸಿಗೆ ಆ ಕಲಿಕೆ ಸಿಗುವುದೇ ಇಲ್ಲ. ಆಮೇಲೆ ನೀವು "ಅನುಭವ ಇಲ್ಲ" ಎನ್ನುತ್ತೀರಿ.

ಕಮಲಾದೇವಿ ಚಟ್ಟೋಪಾಧ್ಯಾಯರ ವಿಷಯ ನನ್ನ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸಾರಸ್ವತ ಮನೆ, ಅಲ್ಲಿ ಅಳಿಯಸಂತಾನ ಇಲ್ಲ. ಅವರು ಚಿಕ್ಕವರಿದ್ದಾಗಲೇ ಅಪ್ಪ ತೀರಿಹೋದರು, ಉಯಿಲು ಇರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಅಮ್ಮ ಗಿರಿಜಾಬಾಯಿ ಮತ್ತು ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ತಿಂಗಳ ಜೀವನಾಂಶ. ಗಿರಿಜಾಬಾಯಿ ಅದನ್ನು ಬೇಡ ಅಂದರು, ತಮ್ಮ ಸ್ವಂತದ್ದರಲ್ಲಿ ಮಕ್ಕಳನ್ನು ಸಾಕಿದರು. ಆ ಮನೆಯಲ್ಲಿ ಬೆಳೆದ ಹುಡುಗಿ 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ಚುನಾವಣೆಗೆ ನಿಂತರು. ಸಣ್ಣ ಅಂತರದಲ್ಲಿ ಸೋತರು. ಹಾಗೆ ಶಾಸನಸಭೆಯ ಚುನಾವಣೆಗೆ ನಿಂತ ದೇಶದ ಮೊದಲ ಹೆಂಗಸು ಅವರೇ. ಒಂದೇ ಊರಿನಲ್ಲಿ, ಒಂದು ಮನೆಯಲ್ಲಿ ಆಸ್ತಿ ತಾಯಿ ಸಾಲಿನಲ್ಲಿ ಇಳಿಯುತ್ತಿತ್ತು, ನಾಲ್ಕು ಬೀದಿ ಆಚೆ ಇನ್ನೊಂದು ಮನೆಯಲ್ಲಿ ಗಂಡ ಸತ್ತ ದಿನದಿಂದ ಹೆಂಗಸಿಗೆ ಜೀವನಾಂಶ ಬಿಟ್ಟು ಬೇರೇನೂ ಇರಲಿಲ್ಲ. ಎರಡನ್ನೂ ಕಂಡ ಊರು ನಮ್ಮದು. ಮನೆಯ ಕಟ್ಟಳೆ ದೇವರು ಬರೆದದ್ದಲ್ಲ, ಮನುಷ್ಯರು ಮಾಡಿದ್ದು, ಬದಲಾಯಿಸಬಹುದು ಅಂತ ಗೊತ್ತಾಗಲು ನಮಗೆ ಬೇರೆ ಪಾಠ ಬೇಡ.

ಏಷ್ಯಾದ ಬೇರೆ ಕಡೆಯೂ ಇದೇ ನಡೆಯುತ್ತಿದೆ. ಇಂಡೋನೇಷ್ಯಾದ ಪಶ್ಚಿಮ ಸುಮಾತ್ರದಲ್ಲಿ ಮಿನಾಂಗ್‌ಕಬಾವ್ ಜನ ಇದ್ದಾರೆ. ಮುಸ್ಲಿಮರು. ಆದರೆ ಕುಟುಂಬದ ಗದ್ದೆ, ಮನೆ ಎಲ್ಲ ತಾಯಿಯಿಂದ ಮಗಳಿಗೆ. ಕುಟುಂಬದ ಪರವಾಗಿ ಮಾತಾಡುವವನು ತಾಯಿಯ ಅಣ್ಣನೋ ತಮ್ಮನೋ, ಅವನನ್ನು ಅವರು 'ಮಾಮಾಕ್' ಎನ್ನುತ್ತಾರೆ. ಓದುವಾಗ ನನಗೆ ನಮ್ಮ ಕುಟುಂಬದ ಮನೆಯನ್ನೇ ಕಂಡ ಹಾಗಾಯಿತು. ಅಷ್ಟು ದೂರದ ದ್ವೀಪ, ಬೇರೆ ಧರ್ಮ, ಬೇರೆ ಭಾಷೆ, ಆದರೂ ಅದೇ ಸೋದರಮಾವ. ಅಲ್ಲಿಯೂ ಊರಿನ ಸಭೆಯಲ್ಲಿ ಮಾತು ಅವನದ್ದೇ. ಅದರ ಮೇಲೆ 1974ರಲ್ಲಿ ಇಂಡೋನೇಷ್ಯಾ ಸರ್ಕಾರ ಮದುವೆ ಕಾನೂನು ತಂದು, ಗಂಡ ಕುಟುಂಬದ ಮುಖ್ಯಸ್ಥ, ಹೆಂಡತಿ ಗೃಹಿಣಿ ಅಂತ ಇಡೀ ದೇಶಕ್ಕೆ ಬರೆದುಬಿಟ್ಟಿತು. ಮೇಘಾಲಯದ ಖಾಸಿಗಳಲ್ಲೂ ಕೊನೆಯ ಮಗಳಿಗೆ ತಾಯಿ ಮನೆ, ಆದರೆ ಸಾಂಪ್ರದಾಯಿಕ ಊರ ಸಭೆಗೆ ಹೆಂಗಸರು ಕೂಡುತ್ತಿರಲಿಲ್ಲ. ಆಸ್ತಿ ಒಂದು ಕಡೆ, ಮಾತು ಇನ್ನೊಂದು ಕಡೆ. ಆಸ್ತಿ ಕೊಟ್ಟರೆ ಸಾಕು, ಉಳಿದದ್ದು ತನ್ನಿಂದ ತಾನೇ ಆಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ದಕ್ಷಿಣ ಕೊರಿಯಾದ ಕಥೆ ನನಗೆ ಇನ್ನೂ ಜಾಸ್ತಿ ಹತ್ತಿರ. ಅಲ್ಲಿ 'ಹೋಜು' ಅಂತ ಒಂದು ಪದ್ಧತಿ ಇತ್ತು. ಪ್ರತಿ ಕುಟುಂಬಕ್ಕೂ ಸರ್ಕಾರಿ ದಾಖಲೆಯಲ್ಲಿ ಒಬ್ಬ ಯಜಮಾನ. ಗಂಡ ತೀರಿದರೆ ಯಜಮಾನಿಕೆ ಮಗನಿಗೆ, ಅವನು ಪುಟ್ಟ ಹುಡುಗನಾದರೂ ಸರಿ, ಮನೆ ನಡೆಸುವ ತಾಯಿಗೆ ಅಲ್ಲ. ಹೆಂಗಸರ ಸಂಘಗಳು ಹತ್ತಾರು ವರ್ಷ ಹೋರಾಡಿದವು. 2005ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಅದು ಸಂವಿಧಾನಕ್ಕೆ ಹೊಂದುವುದಿಲ್ಲ ಅಂದಿತು, 2008ರ ಜನವರಿ 1ರಿಂದ ಪದ್ಧತಿಯೇ ಹೋಯಿತು. ಕಾಗದ ಬದಲಾಯಿತು. ಮನೆಗೆಲಸ, ಮಕ್ಕಳು, ಅತ್ತೆ ಮಾವನ ಸೇವೆ ಇದೆಲ್ಲ ಹೆಚ್ಚುಕಮ್ಮಿ ಹಾಗೆಯೇ ಹೆಂಗಸರ ಮೇಲೆ ಉಳಿಯಿತು. ಈಗ ಅಲ್ಲಿ ಹುಡುಗಿಯರು ಮದುವೆಯನ್ನೇ ಬೇಡ ಎನ್ನುತ್ತಿದ್ದಾರೆ. 2023ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು, ಪ್ರಪಂಚದಲ್ಲೇ ಅತಿ ಕಮ್ಮಿ. ಮನೆ ದುಬಾರಿ, ಟ್ಯೂಷನ್ ದುಬಾರಿ, ಅದೂ ಇದೆ. ಆದರೆ ಅಡುಗೆಮನೆ ಬದಲಾಗದೆ ಇದ್ದದ್ದೂ ಇದೆ. ಈಗ ಆ ಸರ್ಕಾರಕ್ಕೆ ಅದಕ್ಕಿಂತ ದೊಡ್ಡ ರಾಜಕೀಯ ಪ್ರಶ್ನೆ ಇಲ್ಲ.

ಸಿಂಗಾಪುರದಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಸರ್ಕಾರ ಕಟ್ಟಿದ ಫ್ಲಾಟಿನಲ್ಲಿ ಇದ್ದಾರೆ. ಮದುವೆ ಆಗದವರು ಒಬ್ಬರೇ ಅಂಥ ಫ್ಲಾಟ್ ಕೊಳ್ಳಬೇಕಾದರೆ 35 ವರ್ಷ ತುಂಬಬೇಕು. ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸುವ ಕಾನೂನು 1995ರಲ್ಲೇ ಮಾಡಿದರು. ನಮ್ಮಲ್ಲಿ 2007ರಲ್ಲಿ ಅಂಥದ್ದು ಬಂತು. ಅವರ ಎಲ್ಲ ಕ್ರಮ ಸರಿ ಅಂತ ನಾನು ಹೇಳುವುದಿಲ್ಲ. ಮನೆ ಸರ್ಕಾರದ ವಿಷಯ ಹೌದೋ ಅಲ್ಲವೋ ಎಂಬ ಚರ್ಚೆ ಮಾತ್ರ ಅಲ್ಲಿ ಎಂದೋ ಮುಗಿದಿದೆ.

ಇನ್ನು ದೊಡ್ಡ ಕುರ್ಚಿಗಳ ವಿಷಯ. "ನಮ್ಮ ಏಷ್ಯಾದಲ್ಲಿ ಎಷ್ಟು ಹೆಂಗಸರು ಪ್ರಧಾನಿ, ಅಧ್ಯಕ್ಷೆ ಆಗಿದ್ದಾರೆ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಹೌದು. ಶ್ರೀಲಂಕಾದ ಸಿರಿಮಾವೋ ಬಂಡಾರನಾಯಕೆ 1960ರಲ್ಲಿ ಪ್ರಪಂಚದ ಮೊದಲ ಮಹಿಳಾ ಪ್ರಧಾನಿ ಆದರು. ಹಿಂದಿನ ವರ್ಷ ಪ್ರಧಾನಿಯಾಗಿದ್ದ ಗಂಡನನ್ನು ಕೊಂದಿದ್ದರು. 1966ರಲ್ಲಿ ನೆಹರೂ ಮಗಳು. 1986ರಲ್ಲಿ ಫಿಲಿಪ್ಪೀನ್ಸಿನಲ್ಲಿ ಕೊರಾಜಾನ್ ಅಕ್ವಿನೋ, ಕೊಲೆಯಾದ ನಾಯಕನ ಹೆಂಡತಿ. 1988ರಲ್ಲಿ ಪಾಕಿಸ್ತಾನದಲ್ಲಿ ಭುಟ್ಟೋ ಮಗಳು. ಬಾಂಗ್ಲಾದೇಶದಲ್ಲಿ 1991ರಲ್ಲಿ ಜಿಯಾ ಉರ್ ರಹಮಾನರ ಹೆಂಡತಿ, 1996ರಲ್ಲಿ ಮುಜೀಬರ ಮಗಳು. ಇಂಡೋನೇಷ್ಯಾದಲ್ಲಿ 2001ರಲ್ಲಿ ಸುಕರ್ನೋ ಮಗಳು. ಇವರಲ್ಲಿ ಸಮರ್ಥರು ಇದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇವರು ಬಂದದ್ದು ಮನೆಯ ಬಾಗಿಲಿನಿಂದ. ಆ ಮನೆಯಲ್ಲಿ ಹುಟ್ಟದ, ಆ ಮನೆಗೆ ಮದುವೆಯಾಗಿ ಹೋಗದ ಹೆಂಗಸಿಗೆ ಅದರಿಂದ ದಾರಿ ತೆರೆಯಲಿಲ್ಲ. 1960ರಲ್ಲೇ ಪ್ರಧಾನಿಯನ್ನು ಕಂಡ ಶ್ರೀಲಂಕಾದ ಸಂಸತ್ತಿನಲ್ಲಿ 2024ರ ಚುನಾವಣೆ ಆದ ಮೇಲೂ ಹೆಂಗಸರು ಹತ್ತಕ್ಕೆ ಒಬ್ಬರ ಆಸುಪಾಸು. ನಮ್ಮ ಲೋಕಸಭೆಯಲ್ಲಿ 2024ರಲ್ಲಿ 543ಕ್ಕೆ 74. ಕರ್ನಾಟಕ ವಿಧಾನಸಭೆಗೆ 2023ರಲ್ಲಿ 224ಕ್ಕೆ 10.

ಮನೆತನದ ರಾಜಕೀಯಕ್ಕೆ ಜನ ಎಷ್ಟು ರೋಸಿಹೋಗಿದ್ದಾರೆ ಎನ್ನುವುದನ್ನು ನಾವು ಈಚೆಗೆ ಕಂಡಿದ್ದೇವೆ. 2022ರಲ್ಲಿ ಕೊಲಂಬೋದಲ್ಲಿ ರಾಜಪಕ್ಸೆ ಕುಟುಂಬ, 2024ರಲ್ಲಿ ಢಾಕಾದಲ್ಲಿ ಶೇಖ್ ಹಸೀನಾ, 2025ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ನಾಯಕರ ಮಕ್ಕಳ ಐಷಾರಾಮದ ಫೋಟೋ ನೋಡಿ ಸಿಟ್ಟಾದ ಹುಡುಗ ಹುಡುಗಿಯರು ಸರ್ಕಾರವನ್ನೇ ಬೀಳಿಸಿದರು. ನಮ್ಮ ಜಿಲ್ಲೆಯ ಮಕ್ಕಳೂ ಅದನ್ನೆಲ್ಲ ಮೊಬೈಲಿನಲ್ಲಿ ನೋಡಿದ್ದಾರೆ, ಕ್ಲಾಸಿನಲ್ಲಿ ನನ್ನ ಹತ್ತಿರ ಕೇಳಿದ್ದಾರೆ. "ಟೀಚರ್, ನಮ್ಮಲ್ಲೂ ಹಾಗೇ ಅಲ್ವಾ? ಅಪ್ಪ ಆದ ಮೇಲೆ ಮಗ." ನಾನು ಉತ್ತರ ಕೊಡಬೇಕಾದ ಪ್ರಶ್ನೆ ಅದಲ್ಲ, ನೀವು ಕೊಡಬೇಕಾದದ್ದು.

ಈಗ ಪಂಚಾಯತ್‌ಗೆ ಬರುತ್ತೇನೆ, ಯಾಕೆಂದರೆ ನಿಮ್ಮ ಕೈಯಲ್ಲಿ ನೇರವಾಗಿ ಇರುವುದು ಅದು. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ. ರಾಮಕೃಷ್ಣ ಹೆಗಡೆ ಸರ್ಕಾರ ಇದ್ದಾಗ, ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ, 1983ರ ಕಾಯ್ದೆಯಲ್ಲಿ ಹೆಂಗಸರಿಗೆ ಶೇ. 25 ಮೀಸಲಾತಿ ಇಟ್ಟರು, 1987ರಲ್ಲಿ ಚುನಾವಣೆ ಆಯಿತು. ಇಡೀ ದೇಶಕ್ಕೆ ಮೂರನೇ ಒಂದು ಪಾಲು ಬಂದದ್ದು ಅದರ ಆರು ವರ್ಷದ ನಂತರ, 1993ರಲ್ಲಿ. ಈಗ ನಮ್ಮಲ್ಲಿ ಶೇ. 50. ಇಷ್ಟೆಲ್ಲ ಆಗಿಯೂ ಮೀಸಲಾತಿ ಪಟ್ಟಿಯಲ್ಲಿ 'ಮಹಿಳೆ' ಅಂತ ಬಂದ ಕೂಡಲೇ ನಿಮ್ಮಲ್ಲಿ ಶುರುವಾಗುವ ಚರ್ಚೆ, ಯಾರ ಹೆಂಡತಿಯನ್ನು ನಿಲ್ಲಿಸುವುದು ಎಂದು. ಮುಂದಿನ ಸಲ ಸೀಟು ಸಾಮಾನ್ಯ ಆದರೆ ಅವಳು ವಾಪಸ್ ಮನೆಗೆ, ಗಂಡ ಅಭ್ಯರ್ಥಿ. ನೇಪಾಳದಲ್ಲೂ 2017ರಲ್ಲಿ ಮೇಯರ್, ಉಪಮೇಯರ್ ಎರಡಕ್ಕೂ ಅಭ್ಯರ್ಥಿ ಹಾಕುವ ಪಕ್ಷ ಒಬ್ಬ ಹೆಂಗಸನ್ನು ನಿಲ್ಲಿಸಲೇಬೇಕು ಅಂತ ನಿಯಮ ಮಾಡಿದ್ದರು. ಹೆಚ್ಚಿನ ಕಡೆ ಉಪಮೇಯರ್ ಸ್ಥಾನವನ್ನು ಹೆಂಗಸಿಗೆ ಕೊಟ್ಟು ಮೇಯರ್ ಸ್ಥಾನವನ್ನು ಗಂಡಸರು ಇಟ್ಟುಕೊಂಡರು.

ನಮ್ಮ ಶಾಲೆ ಎದುರಿನ ಚರಂಡಿ ವಿಷಯಕ್ಕೆ ನಾನು ಒಂದು ಪಂಚಾಯತ್ ಕಚೇರಿಗೆ ಹೋಗಿದ್ದೆ. ಹೆಸರು ಬೇಡ. ಅಧ್ಯಕ್ಷರು ಹೆಂಗಸು, ಡಿಗ್ರಿ ಓದಿದವರು. ಪಕ್ಕದ ಕುರ್ಚಿಯಲ್ಲಿ ಗಂಡ. ನಾನು ಕೇಳಿದ್ದು ಅವರನ್ನು, ಉತ್ತರ ಕೊಟ್ಟದ್ದು ಇವರು. "ನೋಡುವ ಟೀಚರ್, ಮಾಡುವ." ಪಿ.ಡಿ.ಒ. ಕೂಡ ಕಾಗದ ತಂದು ಗಂಡನ ಮುಖ ನೋಡಿ ಮತ್ತೆ ಅಧ್ಯಕ್ಷರ ಎದುರು ಇಡುತ್ತಿದ್ದರು. ಅಧ್ಯಕ್ಷರು ಸುಮ್ನೆ ಠರಾವು ಪುಸ್ತಕದ ಹಾಳೆ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಗಂಡನಿಗೆ ಫೋನ್ ಬಂತು, ಹೊರಗೆ ಹೋದರು. ಅಧ್ಯಕ್ಷರು ತಲೆ ಎತ್ತಿದರು. ಚರಂಡಿಗೆ ಹಣ ಯಾವ ಲೆಕ್ಕದಲ್ಲಿ ಇಡಬಹುದು, ಮೇಲಿನ ತೋಟದವರು ನೀರು ಎಲ್ಲಿ ತಿರುಗಿಸಿದ್ದಾರೆ, ಮೋರಿ ಎಲ್ಲಿ ಹಾಕಿದರೆ ಮಳೆಗಾಲದಲ್ಲಿ ಮಕ್ಕಳು ಕೆಸರು ತುಳಿಯುವುದು ತಪ್ಪುತ್ತದೆ, ಕಾಗದದ ಮೇಲೆ ಗೀಟು ಎಳೆದು ತೋರಿಸಿದರು. ಎಲ್ಲ ಗೊತ್ತಿತ್ತು ಅವರಿಗೆ. ಗಂಡ ಒಳಗೆ ಬಂದರು, ಅವರು ಆ ಕಾಗದ ಪುಸ್ತಕದೊಳಗೆ ಇಟ್ಟು ಮಾತು ನಿಲ್ಲಿಸಿದರು. ಗಂಡ ಕೆಟ್ಟವರಲ್ಲ, ಊರಿನ ಕೆಲಸಕ್ಕೆ ಓಡಾಡುವವರೇ. ಆದರೆ ಜನ ವೋಟು ಕೊಟ್ಟದ್ದು ಅವರಿಗಲ್ಲ.

ಇಂಥ ಗಂಡಂದಿರ ವಿಷಯಕ್ಕೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಸಮಿತಿ ಮಾಡಿತ್ತು, ಆ ಸಮಿತಿ ಕಠಿಣ ದಂಡ ಇರಬೇಕು ಅಂತ ಶಿಫಾರಸು ಮಾಡಿದೆ. ದಂಡ ಬರಲಿ. ಆದರೆ ಕುರ್ಚಿ ತೆಗೆಸುವುದು ನಿಮ್ಮಿಂದಲೇ ಆಗುವ ಕೆಲಸ. ಆ ಗಂಡ ನಿಮ್ಮ ಕಾರ್ಯಕರ್ತ. ನೀವು ಒಂದು ಮಾತು ಹೇಳಿದರೆ ನಾಳೆಯಿಂದ ಅವರು ಕಚೇರಿ ಹೊರಗೆ ಇರುತ್ತಾರೆ.

ಸರ್ಕಾರಗಳಿಗೆ ಮನೆಯ ಒಳಗಿನ ಸಂಗತಿ ಗೊತ್ತಿಲ್ಲ ಅಂತಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ ಅಂತ ಬರೆದರು. ಅದೇ ಕಾರ್ಡಿನ ಆಧಾರದಲ್ಲಿ 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತಿದೆ. ಅದರಿಂದ ಮದ್ದಿಗೆ, ಮಕ್ಕಳ ಫೀಸಿಗೆ ಕೈಚಾಚುವುದು ತಪ್ಪಿದ ಹೆಂಗಸರು ನನಗೆ ಗೊತ್ತು, ಅದನ್ನು ಹಗುರ ಮಾಡಿ ಮಾತಾಡುವುದು ನನಗೆ ಇಷ್ಟ ಆಗುವುದಿಲ್ಲ. ಆದರೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಆದವಳು ಪಹಣಿಯಲ್ಲಿ, ಸೊಸೈಟಿಯಲ್ಲಿ, ಸಮಿತಿಯಲ್ಲಿ, ಟಿಕೆಟ್ ಪಟ್ಟಿಯಲ್ಲಿ ಯಾಕೆ ಇಲ್ಲ? ಲೋಕಸಭೆ, ವಿಧಾನಸಭೆಗೆ ಮೂರನೇ ಒಂದು ಪಾಲು ಕೊಡುವ ತಿದ್ದುಪಡಿ 2023ರಲ್ಲೇ ಪಾಸಾಯಿತು. ಅದನ್ನು ಜನಗಣತಿ, ಕ್ಷೇತ್ರ ಮರುವಿಂಗಡಣೆಗೆ ಕಟ್ಟಿಹಾಕಿದ್ದಾರೆ. ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಅರ್ಧದಷ್ಟು ಸೀಟು ಹೆಂಗಸರಿಗೆ ಮೀಸಲಿದ್ದ ಜಾಗಗಳು ಅವು. ಹೆಂಗಸರು ಕೆಲಸ ಕಲಿಯುವ ನಡುವಿನ ಮೆಟ್ಟಿಲೇ ಇಲ್ಲದಂತಾಯಿತು.

ನಾನು ಕೇಳುವುದು ದೊಡ್ಡದೇನಲ್ಲ. ಮಹಿಳಾ ಸೀಟಿಗೆ ಹೆಸರು ಹುಡುಕುವಾಗ ಕಾರ್ಯಕರ್ತನ ಹೆಂಡತಿಯಿಂದ ಶುರು ಮಾಡಬೇಡಿ. ಸ್ತ್ರೀಶಕ್ತಿ ಗುಂಪಿನ ಲೆಕ್ಕ ಇಡುವವರು, ಬೀಡಿ ಯೂನಿಯನ್ನಿನಲ್ಲಿ ಮಾತಾಡಿದವರು, ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಜಗಳ ಮಾಡಿ ಶೌಚಾಲಯ ಕಟ್ಟಿಸಿದವರು, ಮಲ್ಪೆಯಲ್ಲಿ ಬೆಳಗ್ಗಿನ ಜಾವ ಮೀನು ಹರಾಜಿನಲ್ಲಿ ಗಂಡಸರ ನಡುವೆ ನಿಂತು ದರ ಕೂಗುವವರು, ಇವರನ್ನು ಕೇಳಿ. ಚೆನ್ನಾಗಿ ಕೆಲಸ ಮಾಡಿದ ಹೆಂಗಸಿಗೆ ಸಾಮಾನ್ಯ ಸೀಟಿನಲ್ಲೂ ಮತ್ತೆ ಟಿಕೆಟ್ ಕೊಡಿ. ನಿಮ್ಮ ಪ್ರಭಾವ ಇರುವ ದೇವಸ್ಥಾನ, ಸೊಸೈಟಿ, ಸಂಘಗಳಲ್ಲಿ ಖಜಾಂಚಿ ಕೆಲಸ ಹೆಂಗಸರಿಗೆ ಕೊಡಿಸಿ, ಬಡಿಸುವ ಕೆಲಸ ಗಂಡಸರೂ ಮಾಡಲಿ. ತೀರಿಹೋದವರ ಜಾಗವನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆ ಮಾಡಿಸಲು ಜನ ನಿಮ್ಮ ಹತ್ತಿರವೇ ಬರುತ್ತಾರಲ್ವಾ, ಆಗ ಹೆಣ್ಣುಮಕ್ಕಳ ಪಾಲು ಬಿಡುಗಡೆ ಬರೆಸಿಕೊಳ್ಳುವ ಮೊದಲು "ಅವರ ಹೆಸರೂ ಇರಲಿ" ಅಂತ ಒಂದು ಮಾತು ಹೇಳಿ. ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ ಹಿಂದೂ ಮನೆಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಇದೆ. ಕಾನೂನು ಇದೆ, ಹೇಳುವವರು ಬೇಕು.

ಮತ್ತೆ ಹೊತ್ತಿನ ವಿಷಯ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆ ಅಂತ ಬಂದಿದೆ. ಗಂಡಸರಲ್ಲಿ ಎಷ್ಟೋ ಜನ ಮನೆಗೆಲಸ ಮಾಡುವುದೇ ಇಲ್ಲ, ಮಾಡುವವರ ಲೆಕ್ಕ ಇದು. ನಿಮ್ಮ ಸಭೆಗಳೆಲ್ಲ ರಾತ್ರಿ ಎಂಟಕ್ಕೆ. ಗ್ರಾಮಸಭೆ ಕೆಲಸದ ದಿನ ಬೆಳಿಗ್ಗೆ ಹತ್ತೂವರೆಗೆ. ಎರಡೂ ಹೊತ್ತಿನಲ್ಲಿ ಹೆಂಗಸು ಹೊರಡಲಿಕ್ಕಾಗುವುದಿಲ್ಲ ಅಂತ ನಿಮ್ಮ ಮನೆಯವರನ್ನೇ ಕೇಳಿದರೆ ಹೇಳುತ್ತಾರೆ. ಉದ್ಯೋಗ ಖಾತರಿಗೆ ಹೋಗುವವರ ಮಕ್ಕಳಿಗೆ ಅಂತ ಪಂಚಾಯತ್‌ಗಳಲ್ಲಿ ಕೂಸಿನ ಮನೆ ತೆರೆದಿದ್ದಾರೆ. ಸಭೆಯ ದಿನ ಅದನ್ನು ಎಲ್ಲ ತಾಯಂದಿರಿಗೂ ತೆರೆದಿಡಿ.

ಈ ಪತ್ರಕ್ಕೆ ನೀವು ಉತ್ತರ ಕೊಡುವುದಾದರೆ ನನಗೊಬ್ಬಳಿಗೆ ಬೇಡ, ನಿಮ್ಮ ನಿಮ್ಮ ಊರಿನ ಗ್ರಾಮಸಭೆಯಲ್ಲಿ ಎಲ್ಲರ ಎದುರು ಕೊಡಿ. ಭಾನುವಾರ ಮಧ್ಯಾಹ್ನ ಮೂರಕ್ಕೆ ಇಡಿಸಿ, ನೋಟಿಸು ಮನೆಯ ಹೆಂಗಸರ ಕೈಗೇ ಕೊಡಿಸಿ. ನಾವು ಬರುತ್ತೇವೆ.

ಇತಿ,
ಮುಲ್ಕಿ ಕಡೆಯ ಒಬ್ಬ ಶಿಕ್ಷಕಿ